ತಾಮ್ರದ ತಗಡಿನಲ್ಲಿ ಕಂಡ ಗೋವೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗೋವೆಯಲ್ಲಿ ತಾಮ್ರಪಟವೆಂದೊಡನೆ ನಮಗೆ ಕದಂಬರ ದಾನಶಾಸನಗಳು ನೆನಪಾಗುತ್ತವೆ. ಇಂದು ನಾವು ಹೇಳಹೊರಟಿರುವುದು ಬೇರೊಂದು ಬಗೆಯ ತಾಮ್ರದ ಮಾತು.

ಭಾರತದ ಮೊದಲ ಮುದ್ರಣಯಂತ್ರವು 1556ರಲ್ಲಿ ಗೋವೆಗೆ ಬಂದಿತೆಂಬುದು ತಮಗೆ ತಿಳಿದ ಸಂಗತಿ. ಆದರೆ ಗೋವೆಯ ಜನರ ರೂಪವನ್ನು ಯುರೋಪಿಗೆ ತೋರಿಸಿದ ಪ್ರಸಿದ್ಧ ಚಿತ್ರಗಳು ಅಚ್ಚಾದುದು ಇಲ್ಲಲ್ಲ, ಆಮ್‌ಸ್ಟರ್‌ಡಾಮಿನಲ್ಲಿ. ಲಿನ್ಸ್‌ಖೋಟೆನ್ ಎಂಬ ಡಚ್ ತರುಣನು 1583ರಲ್ಲಿ ಬಂದು, ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಸುಮಾರು ಐದು ವರ್ಷ ಇಲ್ಲಿದ್ದನು. 1596ರಲ್ಲಿ ‘ಇಟಿನೆರಾರಿಯೊ’ ಎಂಬ ಪ್ರವಾಸಗ್ರಂಥವನ್ನು ಪ್ರಕಟಿಸಿದನು. ಅದರ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದವರು ಡೂಟೆಖುಮ್ ಮನೆತನದ ಕುಶಲಿಗರು. ಅವರು ಗೋವೆಯನ್ನು ಕಂಡವರಲ್ಲ.

ಪಲ್ಲಕ್ಕಿಯಲ್ಲಿ ಸಾಗುವ ಪೋರ್ಚುಗೀಸ್ ದೊರೆ, ಛತ್ರಿ ಹಿಡಿದ ಆಳು, ಪೇಟೆಯ ಜನಸಂದಣಿ ಇವೆಲ್ಲ ಅಲ್ಲಿವೆ. ಆದರೆ ನಮ್ಮ ರೈತನ ಮೈಕಟ್ಟು ಗ್ರೀಕರ ಶಿಲಾಮೂರ್ತಿಯನ್ನು ಹೋಲುತ್ತದೆ. ದೇವಾಲಯದ ವಿಗ್ರಹವು ಕೊಂಬು, ಕೋರೆಹಲ್ಲುಗಳ ಪಿಶಾಚಿಯಾಗಿದೆ. ಕೊರೆಯುವವನ ಕೈ ತನಗೆ ಬಲ್ಲ ಸೈತಾನನನ್ನೇ ಬರೆಯಿತು. ಇಂಥ ಚಿತ್ರಗಳ ಪರಂಪರೆಯನ್ನು ಪಾರ್ಥ ಮಿತ್ತರ್ ಅವರು 1977ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದ್ದಾರೆ.

ಒಂದು ತಗಡಿನಿಂದ ನೂರಾರು ಪ್ರತಿಗಳು. ಫ್ರಾಂಕ್‌ಫರ್ಟಿನ ಡಿ ಬ್ರೈ ಸೋದರರು ಅವನ್ನೇ ನೋಡಿ ಮತ್ತೆ ಕೊರೆಸಿದರು. ಹೀಗೆ ಚಿತ್ರಕ್ಕೆ ಚಿತ್ರವೇ ಪ್ರಮಾಣವಾಯಿತು. ಇದು ಬರಿಯ ಮನೋವಿನೋದವೂ ಅಲ್ಲ. ಲಿನ್ಸ್‌ಖೋಟೆನ್ನನು ಬರೆದಿಟ್ಟ ಜಲಮಾರ್ಗಗಳ ವಿವರವು ಡಚ್ಚರ ಹಡಗುಗಳಿಗೆ ದಾರಿ ತೋರಿತು. 1602ರಲ್ಲಿ ಅವರ ಕಂಪನಿ ಹುಟ್ಟಿತು. ಪೂರ್ವದೇಶಗಳನ್ನು ಬಣ್ಣಿಸುವುದಕ್ಕೂ ಆಳುವುದಕ್ಕೂ ಇರುವ ನಂಟನ್ನು 1978ರಲ್ಲಿ ಎಡ್ವರ್ಡ್ ಸೈದ್ ವಿಸ್ತಾರವಾಗಿ ವಿವೇಚಿಸಿದರು.

ಇನ್ನು ನಮ್ಮ ಮಾತು. ಆ ಚಿತ್ರಗಳಲ್ಲಿ ಗೋವೆಯ ರೈತರಿಗೆ ಕೊಟ್ಟ ಹೆಸರು ‘ಕನಾರಿಂ’. ಇದನ್ನು ಮೊದಲು ಓದಿದಾಗ, “ಇದೋ, ಗೋವೆ ಕನ್ನಡವೆಂಬುದಕ್ಕೆ ಸಾಕ್ಷಿ!” ಎಂದು ಹಿಗ್ಗಿದವರಲ್ಲಿ ನಾವೂ ಒಬ್ಬರು. ಕನ್ನಡ ಅರಸರ ಆಳ್ವಿಕೆಯಿಂದ ಆ ಹೆಸರು ಬಂದಿರಬಹುದು. ಆದರೆ 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ‘ಕನಾರಿಂ’ ಭಾಷೆಯ ವ್ಯಾಕರಣವನ್ನು ನೋಡಿರಿ: ಥಾಮಸ್ ಸ್ಟೀಫನ್ಸರ ಆ ಕೃತಿ ಕೊಂಕಣಿಯದು! ಪರಕೀಯರು ಎರಡು ನುಡಿಗಳಿಗೆ ಒಂದೇ ಚೀಟಿ ಅಂಟಿಸಿದರು. ಮುಂದೆ ಆ ಶಬ್ದವು ಗೋವೆಯವರನ್ನು ಹಳಿಯುವ ಮಾತೂ ಆಯಿತು. ಅನ್ಯರು ಕಾಣದೆ ಕೊರೆದ ವಿಗ್ರಹವನ್ನು ಸುಳ್ಳೆನ್ನುವ ನಾವು, ಅವರೇ ಬರೆದ ಹೆಸರನ್ನು ಮಾತ್ರ ಸತ್ಯವೆಂದು ಹಿಡಿಯುವುದು ನ್ಯಾಯವೇ? ನೆರೆಯವನ ನುಡಿಯನ್ನು ನಮ್ಮದೆನ್ನುವುದರಿಂದ ಕನ್ನಡದ ಗೌರವ ಹೆಚ್ಚುವುದಿಲ್ಲ.

ಕೂಲಿಗಾಗಿ ಗೋವೆಗೆ ಬಂದ ನಮ್ಮವರನ್ನು ಕುರಿತೂ, ನಮ್ಮ ಕೊಂಕಣಿ ನೆರೆಯವರನ್ನು ಕುರಿತೂ ಇಂದಿಗೂ ನೋಡದೆ ಕೊರೆದ ಚಿತ್ರಗಳು ಎರಡೂ ಕಡೆ ಓಡಾಡುತ್ತಿವೆ. ಸಂಘದ ತರುಣರು ಮನೆಮನೆಗೆ ಹೋಗಿ, ಹಿರಿಯರನ್ನು ಕೇಳಿ, ಕಂಡುದನ್ನು ಕಂಡಂತೆ ಬರೆದಿಡಲಿ. ಮುಂದಿನ ವರ್ಷದ ಸಂಚಿಕೆ ಅಂಥ ಬರಹಗಳಿಂದ ತುಂಬಲೆಂದು ಹಾರೈಸುತ್ತೇವೆ.