ಹಳೆಯ ಕಾರಿನ ಹೊಗೆಕೊಳವೆ, ಬೆಟ್ಟದ ಪೈನ್ ಮರ
(ವಿದ್ಯಾರ್ಥಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬರುವವರು ಬಹಳ ಮಂದಿ ಇದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಹಳೆಯದನ್ನು ಎಸೆಯದೆ ದುರಸ್ತಿ ಮಾಡಿ ಬಳಸುವುದು ಮಲೆನಾಡಿನವರಾದ ನಮಗೂ ಒಗ್ಗಿದ ಗುಣವೇ. ಆದರೆ ಅವರಲ್ಲಿ ಕೆಲವರು ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಬರಿಯ ಕೊಳವೆಯನ್ನು ಬೆಸೆಯುತ್ತಾರೆ. ಇಂದು ನಾನು ಮಾತನಾಡಬೇಕೆಂದಿರುವುದು ಈ ಕೆಲಸದ ಕುರಿತು.

ಕನ್ವರ್ಟರು ಎಂದರೆ ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಇರುವ ಒಂದು ಲೋಹದ ಡಬ್ಬಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ ಲೇಪವಿರುತ್ತದೆ. ಪೂರ್ತಿ ಉರಿಯದ ಇಂಧನದ ಆವಿ ಮತ್ತು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಈ ಲೇಪವನ್ನು ತಾಗಿ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಆಗಿ ಮಾರ್ಪಡುತ್ತವೆ. ಅಮೆರಿಕದ ಬಹುಪಾಲು ಕಾರುಗಳಿಗೆ ಇದು 1975ರ ಮಾದರಿಯಿಂದ ಬಂದಿತು. ಸೀಸವು ಲೇಪವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲು ಅದರ ಜೊತೆಗೇ ಬರಬೇಕಾಯಿತು. ನಮ್ಮ ನಾಲ್ಕು ಮಹಾನಗರಗಳಲ್ಲಿಯೂ 1995ರಲ್ಲಿ ಇವೆರಡೂ ಒಟ್ಟಿಗೇ ಕಾಲಿಟ್ಟವು.

ಡಬ್ಬಿಯನ್ನು ತೆಗೆಯುವವರ ವಾದ ಒಂದೇ: ಅದು ಎಂಜಿನ್ನಿನ ಉಸಿರು ಕಟ್ಟಿಸಿತು ಎಂಬುದು. ಷೆವ್ರೊಲೆ ಕಂಪನಿಯ ಕಾರ್ವೆಟ್ ಕಾರಿನ ಸಾಮಾನ್ಯ ಎಂಜಿನ್ನಿಗೆ 1970ರಲ್ಲಿ 300 ಅಶ್ವಶಕ್ತಿಯೆಂದು ಕಂಪನಿ ಸಾರಿತ್ತು, 1975ರಲ್ಲಿ 165. ಮೇಲುನೋಟಕ್ಕೆ ವಾದ ಸರಿಯೆನ್ನಿಸುತ್ತದೆ. ನಡುವಿನ ವರ್ಷಗಳನ್ನೂ ನೋಡೋಣ. 1971ರಲ್ಲಿ ಎಂಜಿನ್ನಿನ ಒತ್ತಡದ ಅನುಪಾತವನ್ನೇ ತಗ್ಗಿಸಿದ್ದರಿಂದ ಅದು 270ಕ್ಕೆ ಇಳಿಯಿತು. 1972ರಲ್ಲಿ 200. ಆ ವರ್ಷ ಬದಲಾದದ್ದು ಮುಖ್ಯವಾಗಿ ಅಳೆಯುವ ಕ್ರಮ! ಅಲ್ಲಿಯವರೆಗೆ ಎಂಜಿನ್ನನ್ನು ಬರಿದಾಗಿ ನಿಲ್ಲಿಸಿ ಅಳೆಯುತ್ತಿದ್ದರು. ಅನಂತರ ಕಾರಿನಲ್ಲಿರುವಂತೆ ಸೈಲೆನ್ಸರು ಮುಂತಾದವನ್ನು ಜೋಡಿಸಿ ಅಳೆದರು. 1974ರಲ್ಲಿ 195. ಅಂದರೆ ಒಟ್ಟು 135ರ ಇಳಿಕೆಯಲ್ಲಿ ಕನ್ವರ್ಟರು ಬಂದ ವರ್ಷದ ಪಾಲು 30. ಅಂದಿನ ಡಬ್ಬಿಯಲ್ಲಿ ಗುಂಡುಗುಂಡಾದ ಹರಳುಗಳನ್ನು ತುಂಬಿದ್ದರು, ಎರಡು ಕೊಳವೆಗಳ ಹೊಗೆಯನ್ನು ಒಂದೇ ಡಬ್ಬಿಗೆ ತೂರಿಸಿದ್ದರು. ಆದ್ದರಿಂದ ನಷ್ಟವೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಜೇನುಗೂಡಿನಂಥ ಕಿಂಡಿಗಳುಳ್ಳ ಇಂದಿನ ಕನ್ವರ್ಟರಿನಲ್ಲಿ ಹೊಗೆ ಬಹಳ ಸರಾಗವಾಗಿ ಹರಿಯುತ್ತದೆ. ಶಕ್ತಿ ಬೇಕೆನ್ನುವವರು ಅದನ್ನು ಕೂರಿಸಿಕೊಳ್ಳಬಹುದು. ಕನ್ವರ್ಟರನ್ನು ಕತ್ತರಿಸಿದ ಮಾತ್ರಕ್ಕೆ 1970ರ ಎಂಜಿನ್ನು ಮರಳಿ ಬಾರದು.

ಇನ್ನು, ಹೊರಬಿಟ್ಟ ಹೊಗೆ ಎಲ್ಲಿಗೆ ಹೋಗುತ್ತದೆ? ಲಾಸ್ ಏಂಜಲೀಸ್ ನಗರ ಬೆಟ್ಟಗಳ ಬೋಗುಣಿಯಲ್ಲಿದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು ಕೆಳಗಿನದನ್ನು ಮೇಲೇಳಗೊಡುವುದಿಲ್ಲ. ಬೆಳಗಿನ ಮಂಜು ಕಣಿವೆಯಲ್ಲಿ ನಿಲ್ಲುವುದನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕವಿಯುತ್ತಿದ್ದ ಮಬ್ಬಿಗೆ ವಾಹನದ ಹೊಗೆಯ ಅನಿಲಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುವುದೇ ಕಾರಣವೆಂದು ರಸಾಯನವಿಜ್ಞಾನಿ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆ ಓಝೋನ್ ಗಾಳಿಯೊಡನೆ ಪೂರ್ವದ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳನ್ನೇರಿತು. ಅಲ್ಲಿನ ಪಾಂಡೆರೋಸಾ ಪೈನ್ ಮರಗಳ ಸೂಜಿಯೆಲೆಗಳು ಹಳದಿಯಾಗಿ ಉದುರತೊಡಗಿದವು. ಬಲಗುಂದಿದ ಮರಗಳಿಗೆ ತೊಗಟೆ ಕೊರೆಯುವ ಹುಳು ಬಿದ್ದಿತು. ಕಾರು ಓಡಿದ್ದು ಬಯಲಿನಲ್ಲಿ, ಒಣಗಿದ್ದು ಬೆಟ್ಟದ ಕಾಡು.

ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅನಂತರದ ಮಾದರಿಯ ಪೆಟ್ರೋಲ್ ಕಾರುಗಳು, ತೀರ ಹೊಸವನ್ನು ಬಿಟ್ಟು, ನಿಯತಕಾಲಿಕ ಹೊಗೆ ತಪಾಸಣೆಗೆ ಹೋಗಬೇಕು. 1975ರವರೆಗಿನವಕ್ಕೆ ವಿನಾಯಿತಿಯಿದೆ. ಕನ್ವರ್ಟರು ಹೊತ್ತು ಬಂದ ಮೊದಲ ವರ್ಷದ ಕಾರುಗಳೇ ಹೀಗೆ ತಪಾಸಣೆಯಿಂದ ತಪ್ಪಿಸಿಕೊಂಡಿವೆ. ತಪಾಸಣೆಗಷ್ಟೇ ವಿನಾಯಿತಿ; ಕಾರಿನೊಡನೆ ಬಂದ ಮಾಲಿನ್ಯ ನಿಯಂತ್ರಣ ಸಾಧನವನ್ನು ಕಿತ್ತುಹಾಕುವುದು ಅಲ್ಲಿಯೂ ಕಾನೂನುಬಾಹಿರವೇ.