ದಾಂಪತ್ಯಕ್ಕೆ ಸಾಕ್ಷಿ

ನಮ್ಮಲ್ಲಿ ಮದುವೆಗೆ ಅಗ್ನಿ ಸಾಕ್ಷಿ. ಚಪ್ಪರದ ಕೆಳಗೆ ನೆರೆದ ನಾಲ್ಕು ಜನ ಸಾಕ್ಷಿ. ಅಷ್ಟಾದ ಮೇಲೆ ‘ನೀವು ನಿಜವಾಗಿಯೂ ಗಂಡಹೆಂಡಿರೇ?’ ಎಂದು ಕೇಳುವವರಿಲ್ಲ. ಆದರೆ ವರ ಅಮೆರಿಕದ ಪ್ರಜೆಯಾಗಿದ್ದು ವಧು ಇಲ್ಲಿಯವಳಾಗಿದ್ದರೆ, ಆ ಪ್ರಶ್ನೆಯನ್ನು ಕೇಳುವುದಕ್ಕೆಂದೇ ಒಬ್ಬ ಅಧಿಕಾರಿ ಕುಳಿತಿರುತ್ತಾನೆ. ಗಂಡ ಅಲ್ಲಿಂದ ಅರ್ಜಿ ಹಾಕುತ್ತಾನೆ; ಹೆಂಡತಿ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ನಿಲ್ಲುತ್ತಾಳೆ. ಪರಿಚಯವಾದದ್ದು ಹೇಗೆ? ಮದುವೆಗೆ ಯಾರು ಯಾರು ಬಂದಿದ್ದರು? ಗಂಡನ ಉದ್ಯೋಗವೇನು? ಜಾತಕ ಕೂಡಿಸಿ, ಹಿರಿಯರು ಮಾತನಾಡಿ, ಎರಡು ಬಾರಿ ನೋಡಿ ಆದ ಮದುವೆಯಲ್ಲಿ ಪ್ರೇಮಪತ್ರಗಳ ಕಟ್ಟನ್ನು ಎಲ್ಲಿಂದ ತರುವುದು? ಮದುವೆಯ ಆಲ್ಬಮ್, ಲಗ್ನಪತ್ರಿಕೆ, ನೋಂದಣಿಯ ಪ್ರಮಾಣಪತ್ರ ಇವೇ ಅವಳ ಪರವಾಗಿ ಮಾತನಾಡಬೇಕು.

ಇದು ಅವಮಾನವೆಂದು ಹಲವರು ನೊಂದುಕೊಳ್ಳುತ್ತಾರೆ. ಆ ನೋವು ಸಹಜ. ಆದರೆ ಹೆಣ್ಣನ್ನು ಯಾರೂ ಏನನ್ನೂ ಕೇಳದಿದ್ದ ಕಾಲವೊಂದಿತ್ತು; ಅದು ಇದಕ್ಕಿಂತ ಮೇಲಾಗಿರಲಿಲ್ಲ. 1907ರ ಕಾನೂನಿನಂತೆ ಪರದೇಶಿಯನ್ನು ವರಿಸಿದ ಅಮೆರಿಕನ್ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಎಥೆಲ್ ಮೆಕೆಂಜಿ 1909ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬನನ್ನು ಮದುವೆಯಾದಳು. 1913ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ‘ನೀನು ಈ ದೇಶದವಳಲ್ಲ’ ಎಂಬ ಉತ್ತರ ಬಂತು. 1915ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1922ರ ಕೇಬಲ್ ಕಾನೂನು ಹೆಣ್ಣಿನ ಪೌರತ್ವವನ್ನು ಬಹುಮಟ್ಟಿಗೆ ಗಂಡನಿಂದ ಬೇರ್ಪಡಿಸಿತು. ಆದರೂ ಪೌರತ್ವಕ್ಕೆ ಅನರ್ಹನೆನಿಸಿದವನನ್ನು ವರಿಸಿದವಳಿಗೆ ಆ ರಕ್ಷಣೆ ದೊರೆಯಲಿಲ್ಲ. 1923ರ ಭಗತ್ ಸಿಂಗ್ ಥಿಂದ್ ಮೊಕದ್ದಮೆಯ ತೀರ್ಪಿನಿಂದ ಭಾರತೀಯರು ಅದೇ ಅನರ್ಹರ ಸಾಲಿಗೆ ಸೇರಿದರು. ಹೆಂಡತಿಯರ ಮೇಲಿನ ಈ ಶಿಕ್ಷೆ 1931ರಲ್ಲಿ ತೊಲಗಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಈಗ ಹೆಣ್ಣು ಗಂಡನ ನೆರಳಾಗಿ ಪ್ರಜೆಯಾಗುವುದಿಲ್ಲ. ತಾನೇ ನಡೆದು ಹೋಗಿ ಪ್ರಜೆಯಾಗಬೇಕು. ನನಗೆ ಕಳವಳವಿರುವುದು ಸಂದರ್ಶನದ ಆ ಅರ್ಧ ಗಳಿಗೆಯ ಬಗ್ಗೆ ಅಲ್ಲ, ನಡುವಣ ದಾರಿಯ ಬಗ್ಗೆ. ಸುಳ್ಳು ಮದುವೆಗಳನ್ನು ತಡೆಯಲೆಂದು 1986ರಲ್ಲಿ ಬಂದ ಕಾನೂನಿನ ಪ್ರಕಾರ, ಮದುವೆಯಾಗಿ ಎರಡು ವರ್ಷ ತುಂಬದವಳಿಗೆ ದೊರೆಯುವುದು ಷರತ್ತಿನ ವಾಸದ ಹಕ್ಕು ಮಾತ್ರ. ಎರಡು ವರ್ಷದ ಕೊನೆಗೆ ಷರತ್ತನ್ನು ಕಳೆಯಲು ಸಾಮಾನ್ಯವಾಗಿ ದಂಪತಿಗಳಿಬ್ಬರೂ ಸಹಿ ಹಾಕಬೇಕು. ಸಂಸಾರ ಸರಿಯಾಗಿದ್ದರೆ ಅದು ಬರಿಯ ಕಾಗದ. ಗಂಡ ಕ್ರೂರಿಯಾಗಿದ್ದರೆ ಆ ಸಹಿಯೇ ಅವನ ಕೈಯ ಚಾವಟಿ. ನೆರೆಹೊರೆಯಿಲ್ಲದ ಊರಿನಲ್ಲಿ, ತವರಿಗೆ ಹೇಳಲಾರದೆ, ಆ ಸಹಿಗಾಗಿ ಬಾಯಿ ಮುಚ್ಚಿ ಬಾಳುವ ಹೆಣ್ಣಿನ ಅವಸ್ಥೆಯನ್ನು ಊಹಿಸಿಕೊಳ್ಳಿ. ಅಂಥವಳಿಗೂ ದಾರಿಯಿದೆ. ಮದುವೆ ಮುರಿದಿದ್ದರೆ, ಹಿಂಸೆಗೆ ಒಳಗಾಗಿದ್ದರೆ, ಮದುವೆ ಪ್ರಾಮಾಣಿಕವಾಗಿತ್ತೆಂದು ತೋರಿಸಿ ಒಬ್ಬಳೇ ಅರ್ಜಿ ಹಾಕಬಹುದು. ಗಂಡನ ಅರ್ಜಿಯ ಹಂಗಿಲ್ಲದೆ ತಾನೇ ವಾಸದ ಹಕ್ಕು ಕೋರಲು 1994ರ ಕಾನೂನು ಅವಕಾಶ ಕೊಟ್ಟಿದೆ. ಮಗಳಿಗೆ ಉಪ್ಪಿನಕಾಯಿ, ಸಾರಿನ ಪುಡಿ ಕಟ್ಟಿಕೊಡುವ ತಾಯಿತಂದೆಯರು ಈ ಮಾತನ್ನೂ ಕಟ್ಟಿಕೊಡಬೇಕು. ಅವಳ ಕಾಗದಪತ್ರಗಳು ಅವಳ ಕೈಯಲ್ಲೇ ಇರಲೆಂದು ಹೇಳಿ ಕಳಿಸಬೇಕು.

ಪ್ರಜೆಯಾದ ಗಂಡನೊಡನೆ ಬಾಳುತ್ತ, ಖಾಯಂ ವಾಸದ ಮೂರು ವರ್ಷ ತುಂಬಿದರೆ ಪೌರತ್ವ ಕೇಳಬಹುದು. ಇಲ್ಲವಾದರೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆಗ ಇನ್ನೊಂದು ಸಂದರ್ಶನ. ಇಂಗ್ಲಿಷ್ ಬರುತ್ತದೆಯೇ, ಆ ದೇಶದ ಚರಿತ್ರೆ, ಆಡಳಿತಪದ್ಧತಿ ತಿಳಿದಿದೆಯೇ ಎಂದು ನೋಡುತ್ತಾರೆ. ಕೊನೆಗೆ ಪ್ರತಿಜ್ಞೆ: ಹಿಂದಿನ ದೇಶದ ನಿಷ್ಠೆಯನ್ನು ತೊರೆದೆನೆಂದು ಬಾಯಿಬಿಟ್ಟು ಹೇಳಬೇಕು. ನಮ್ಮ 1955ರ ಪೌರತ್ವ ಕಾನೂನಿನಂತೆ ಅಲ್ಲಿಗೆ ಭಾರತದ ಪೌರತ್ವ ಮುಗಿಯಿತು. 2005ರಿಂದ ಸಾಗರೋತ್ತರ ನಾಗರಿಕರೆಂಬ ಚೀಟಿ ಸಿಗುತ್ತಿದೆ. ಅದರಿಂದ ಬಂದುಹೋಗುವುದು ಸುಲಭವಾಯಿತು, ಮತದ ಹಕ್ಕು ಬರಲಿಲ್ಲ.

ಈ ಪ್ರತಿಜ್ಞೆಯನ್ನು ಮಾಡಬೇಕೆಂಬ ನಿರ್ಬಂಧವೇನಿಲ್ಲ. ಖಾಯಂ ವಾಸಿಯಾಗಿ, ಭಾರತದ ಪ್ರಜೆಯಾಗಿಯೇ ಅಲ್ಲಿ ಬಾಳುವವರೂ ಇದ್ದಾರೆ. ಗಂಡ ಪ್ರಜೆಯಾದನೆಂದು ಹೆಂಡತಿಯೂ ಆಗಲೇಬೇಕೆ? ಎಥೆಲ್ ಮೆಕೆಂಜಿಗೆ ಆಯ್ಕೆಯೇ ಇರಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇದೆ. ಆ ತೀರ್ಮಾನವನ್ನು ಮನೆಯವರೆಲ್ಲ ಕೂಡಿ ಅವಳ ಪರವಾಗಿ ಮಾಡಿಬಿಡದಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.