"ಇವನನ್ನ ಸ್ವಲ್ಪ ನೋಡ್ಕೊಳ್ಳಿ" ಅಂದಾಗ ಏನು ಮಾಡೋದು?

ಇವತ್ತಿನ ವಿಷಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಅವರು ಕೆಲಸಕ್ಕೆ ಸೇರಿ ಮೂರು ವರ್ಷ ಆಗಿದೆ. ಹೋದ ವಾರ ಮ್ಯಾನೇಜರ್ ಒಬ್ಬ ಫ್ರೆಷರ್‌ನ ಕರ್ಕೊಂಡು ಬಂದು ಪಕ್ಕದ ಸೀಟಲ್ಲಿ ಕೂರಿಸಿ, "ಇವನನ್ನ ಸ್ವಲ್ಪ ನೋಡ್ಕೊಳ್ಳಿ, ನೀವೇ ಇವನ ಮೆಂಟರ್" ಅಂತ ಹೇಳಿ ಹೋಗಿದ್ದಾರೆ. "ನನಗೇ ಎಲ್ಲಾ ಗೊತ್ತಿಲ್ಲ, ನಾನೇನು ಹೇಳಿಕೊಡಲಿ?" ಅನ್ನೋದು ಅವರ ಪ್ರಶ್ನೆ.

ನೋಡಿ, ನನ್ನ ಪ್ರಕಾರ ಮೂರು ವರ್ಷ ಅನ್ನೋದು ಸರಿಯಾದ ಸಮಯ. ಇಪ್ಪತ್ತು ವರ್ಷ ಸರ್ವೀಸ್ ಆಗಿರೋ ಸರ್‌ಗೆ ಕೆಲಸ ಚೆನ್ನಾಗಿ ಗೊತ್ತು, ಆದ್ರೆ ಮೊದಲ ವಾರ ಯಾವುದು ಕಷ್ಟ ಆಗಿತ್ತು ಅನ್ನೋದು ಮರೆತೇ ಹೋಗಿರುತ್ತೆ. ನಿಮಗೆ ಇನ್ನೂ ನೆನಪಿದೆ. ಯಾರ ಹತ್ರ ಸಹಿ ಹಾಕಿಸ್ಬೇಕು, ಯಾರಿಗೆ ಮೇಲ್ ಹಾಕಿದ್ರೆ ಉತ್ತರ ಬರಲ್ಲ, ಎದ್ದು ಹೋಗಿ ನಿಂತ್ಕೊಂಡ್ರೆ ಮಾತ್ರ ಕೆಲಸ ಆಗುತ್ತೆ, ಇದೆಲ್ಲ ಯಾವ ಇಂಡಕ್ಷನ್ ಪಿಪಿಟಿಯಲ್ಲೂ ಇರಲ್ಲ.

ನನ್ನದೇ ಒಂದು ಅನುಭವ ಹೇಳ್ತೀನಿ. ಈ ಪಾಡ್‌ಕಾಸ್ಟ್ ಶುರು ಮಾಡೋಕೆ ಮುಂಚೆ ನಾನು ಬೆಂಗಳೂರಲ್ಲಿ ಒಂದು ಕಂಪನಿಯ ಅಕೌಂಟ್ಸ್ ಟೀಮಲ್ಲಿದ್ದೆ. ಹಾವೇರಿ ಕಡೆಯ ಒಬ್ಬಳು ಹುಡುಗಿ ಬಂದಳು. ಬಿಕಾಂ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಕ್ಸೆಲ್‌ನಲ್ಲಿ ನನಗಿಂತ ಚುರುಕು. ಆದ್ರೆ ಟೀಮ್ ಕಾಲ್ ಶುರುವಾದ್ರೆ ಮೈಕ್ ಮ್ಯೂಟ್. ಕೇಳಿದ್ರೆ, "ಅಕ್ಕಾ, ಇಂಗ್ಲಿಷ್ ತಿಳೀತೈತ್ರೀ, ಬಾಯಾಗ ಬರಂಗಿಲ್ಲ" ಅಂತಿದ್ದಳು. "ದಡ್ಡಿ ಅನ್ಕೊಂಡಾರು" ಅನ್ನೋ ಭಯ.

ಈಗ ಇಂಥವರಿಗೆ ನಾವು ಸಾಮಾನ್ಯವಾಗಿ ಏನ್ ಹೇಳ್ತೀವಿ? "ಕಾನ್ಫಿಡೆನ್ಸ್ ಬೆಳೆಸ್ಕೋ" ಅಂತೀವಿ. ಅದನ್ನ ಯಾವ ಅಂಗಡಿಯಲ್ಲಿ ತರೋದು ಹೇಳಿ! ನಾನು ಅದರ ಬದಲು ಅವಳಿಗೆ ಒಂದು ಕೆಲಸವನ್ನ ಪೂರ್ತಿಯಾಗಿ ಬಿಟ್ಟುಕೊಟ್ಟೆ. ಅರ್ಧ ನಾನು, ಅರ್ಧ ನೀನು ಅಲ್ಲ, ಪೂರ್ತಿ.

ಕಾಮರ್ಸ್‌ನವರಿಗೆ ಇದು ಗೊತ್ತಿರುತ್ತೆ, ಬೇರೆಯವರಿಗೆ ಎರಡು ಮಾತಲ್ಲಿ ಹೇಳ್ತೀನಿ. ನಮಗೆ ಮಾಲು ಮಾರಿದವರು ಪ್ರತಿ ತಿಂಗಳು ರಿಟರ್ನ್ ಹಾಕೋರಾದ್ರೆ, ಆ ತಿಂಗಳ ಬಿಲ್‌ಗಳನ್ನ ಮುಂದಿನ ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1ರಲ್ಲಿ ತೋರಿಸ್ಬೇಕು. 14ಕ್ಕೆ ನಮ್ಮ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತೆ. ಅದರಲ್ಲಿರೋ ಬಿಲ್‌ಗಳನ್ನ ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಿ, 20ರೊಳಗೆ 3ಬಿ ಫೈಲ್ ಮಾಡ್ಬೇಕು. ನಡುವೆ ಸಿಗೋದು ಆರೇ ದಿನ. ಬಿಲ್ 2ಬಿಯಲ್ಲಿ ಇಲ್ಲ ಅಂದ್ರೆ ಆ ತಿಂಗಳು ಅದರ ಟ್ಯಾಕ್ಸ್ ಕ್ರೆಡಿಟ್ ಸಿಗಲ್ಲ. ಒಂದು ಲಕ್ಷದ ಬಿಲ್, 18 ಪರ್ಸೆಂಟ್ ಜಿಎಸ್‌ಟಿ ಅಂದ್ರೆ 18,000 ರೂಪಾಯಿ ನಿಂತುಹೋಗುತ್ತೆ.

ಆ ಆರು ದಿನದ ಕೆಲಸ ಅವಳದ್ದು ಅಂತ ಮಾಡಿದೆ. ಎರಡನೇ ತಿಂಗಳೇ ಪೀಣ್ಯದ ಒಬ್ಬ ಸಪ್ಲೈಯರ್‌ದು ಬಿಲ್ ಕಾಣಿಸ್ಲಿಲ್ಲ. "ಅಕ್ಕಾ, ಏನ್ ಮಾಡ್ಲಿ?" ಅಂದಳು. ಉತ್ತರ ನನ್ನ ಬಾಯಿ ತುದಿಯಲ್ಲಿತ್ತು, ಹೇಳಿದ್ರೆ ಎರಡು ನಿಮಿಷದ ಮಾತು. ಹೇಳ್ಲಿಲ್ಲ. "ಬಿಲ್ ಕಾಣ್ತಿಲ್ಲ ಅಂದ್ರೆ ಏನೇನು ಆಗಿರ್ಬಹುದು? ಮೂರು ಕಾರಣ ಬರಿ, ಆಮೇಲೆ ಅವರಿಗೇ ಫೋನ್ ಮಾಡು" ಅಂದೆ. ಆ ಕಡೆಯ ಅಕೌಂಟೆಂಟ್ ಕನ್ನಡದವರು, ಮಾತು ಸರಾಗವಾಗಿ ಆಯ್ತು. ಬಿಲ್ಲನ್ನ ಬೇರೆ ಗ್ರಾಹಕರ ಜಿಎಸ್‌ಟಿ ನಂಬರಿಗೆ ಹಾಕ್ಬಿಟ್ಟಿದ್ರು. ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದುಪಡಿ ಮಾಡ್ತೀವಿ ಅಂತ ಒಪ್ಕೊಂಡ್ರು.

ಫೋನ್ ಇಟ್ಟ ಮೇಲೆ ಒಂದೇ ಒಂದು ವಿಷಯ ನಾನು ಹೇಳಿಕೊಟ್ಟೆ: ಫೋನಲ್ಲಿ ಮಾತಾಡಿದ್ದನ್ನ ಅವತ್ತೇ ಎರಡು ಸಾಲು ಮೇಲ್ ಮಾಡಿಡು. ಮ್ಯಾನೇಜರ್‌ಗೆ ಹೋಗೋ ಮೇಲ್ ಕೂಡ ಅವಳ ಹೆಸರಲ್ಲೇ ಹೋಯ್ತು, ನಾನು ಸಿಸಿಯಲ್ಲಿದ್ದೆ ಅಷ್ಟೇ. ಮುಂದಿನ ಕಾಲ್‌ನಲ್ಲಿ ಅವರು ನೇರವಾಗಿ ಅವಳನ್ನೇ ಕೇಳಿದ್ರು. ಮೈಕ್ ಆನ್ ಆಯ್ತು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಲೆಕ್ಕ ಸರಿ ಇತ್ತು, ಯಾರೂ ನಗ್ಲಿಲ್ಲ.

ಇಷ್ಟಾದ ಮೇಲೆ ಎಲ್ಲ ಸುಲಭ ಅಂದ್ಕೋಬೇಡಿ. ನಿಜವಾದ ಕಷ್ಟ ಆಮೇಲೆ ಬರುತ್ತೆ. ಆರೇಳು ತಿಂಗಳಿಗೆ ಅವಳು ನನ್ನ ಹತ್ರ ಒಂದು ಗುಟ್ಟು ಹೇಳಿದ್ಲು. ಬ್ಯಾಂಕ್ ಪರೀಕ್ಷೆಗೆ ಓದ್ತಿದೀನಿ, ಮನೇಲಿ ಒತ್ತಾಯ ಇದೆ ಅಂತ. ಸ್ವಲ್ಪ ದಿನಕ್ಕೇ ಮ್ಯಾನೇಜರ್ ಟೀ ಕುಡಿಯೋವಾಗ ನನ್ನನ್ನ ಕೇಳಿದ್ರು, "ಆ ಹುಡುಗಿ ಬಿಟ್ಟು ಹೋಗೋ ಪ್ಲಾನ್‌ನಲ್ಲಿದಾಳಾ? ನಿಮಗೆ ಗೊತ್ತಿರ್ಬೇಕಲ್ಲ."

ಏನ್ ಹೇಳ್ತೀರಾ? ಗೊತ್ತಿಲ್ಲ ಅಂದ್ರೆ ಸುಳ್ಳು. ಹೌದು ಅಂದ್ರೆ ಮುಂದೆ ಅವಳು ನನ್ನ ಹತ್ರ ಒಂದು ಮಾತೂ ಆಡಲ್ಲ, ಆಡಬಾರದು ಕೂಡ. ನಾನು "ಸರ್, ಅದನ್ನ ಅವಳ ಹತ್ರಾನೇ ಕೇಳಿ, ನಾನು ಹೇಳೋದು ಸರಿಯಾಗಲ್ಲ" ಅಂದೆ. ಅವರಿಗೆ ಇಷ್ಟ ಆಗ್ಲಿಲ್ಲ, ಮುಖದಲ್ಲೇ ಗೊತ್ತಾಯ್ತು. ನನ್ನ ಅಪ್ರೈಸಲ್‌ಗೆ ಒಂದು ತಿಂಗಳಷ್ಟೇ ಬಾಕಿ ಇತ್ತು, ಹೊಟ್ಟೆಯಲ್ಲಿ ಸ್ವಲ್ಪ ತಳಮಳ ಆಗಿದ್ದು ನಿಜ. ಅವತ್ತೇ ಸಂಜೆ ಅವಳಿಗೂ ಹೇಳಿದೆ, ಸರ್ ಹೀಗೆ ಕೇಳಿದ್ರು, ನಾನು ಹೀಗೆ ಅಂದೆ ಅಂತ. ಮಾರನೇ ದಿನ ಅವಳೇ ಹೋಗಿ ಪರೀಕ್ಷೆಗೆ ರಜೆ ಕೇಳಿದ್ಲು. ಗೊಣಗಿದ್ರು, ಆದ್ರೆ 14ರಿಂದ 20ರ ನಡುವೆ ಅಲ್ಲವಾದ್ದರಿಂದ ಕೊಟ್ರು. ಪರೀಕ್ಷೆ ಆಗ್ಲಿಲ್ಲ. ನಾನು ಬಿಡೋವರೆಗೂ ಅವಳು ಅದೇ ಟೀಮಲ್ಲಿದ್ದಳು.

ಇನ್ನು ವಾಯ್ಸ್ ನೋಟ್ ಕಳಿಸಿದವರಿಗೆ ಒಂದು ಮಾತು. ಮ್ಯಾನೇಜರ್ "ಸ್ವಲ್ಪ ನೋಡ್ಕೊಳ್ಳಿ" ಅಂದ್ರಲ್ಲ, ಆ "ಸ್ವಲ್ಪ" ಎಷ್ಟು ಅಂತ ಈಗಲೇ ಕೇಳಿ. ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ ಅಂದ್ರೆ ತಿಂಗಳಿಗೆ ನಾಲ್ಕು ಗಂಟೆ ಆಯ್ತು. ಅಷ್ಟು ಕೆಲಸ ನಿಮ್ಮ ಟೇಬಲ್‌ನಿಂದ ಕಡಿಮೆ ಆಗುತ್ತಾ? ನಿಮ್ಮ ಗೋಲ್ ಶೀಟಲ್ಲಿ ಅದು ಒಂದು ಸಾಲಾಗಿ ಬರುತ್ತಾ? ಕೇಳೋಕೆ ಮುಜುಗರ ಬೇಡ. ಇಲ್ಲಾಂದ್ರೆ ನೀವು ರಾತ್ರಿ ಎಂಟಕ್ಕೆ ನಿಮ್ಮ ಕೆಲಸ ಮುಗಿಸ್ತಾ, ಪಕ್ಕದಲ್ಲಿ ಪ್ರಶ್ನೆ ಕೇಳೋ ಹುಡುಗನ ಮೇಲೆ ರೇಗ್ತೀರಾ. ಪಾಪ, ಅವನದ್ದೇನು ತಪ್ಪು?

ಅವರು ಏನಂದ್ರು ಅಂತ ನನಗೆ ಇನ್ನೊಂದು ವಾಯ್ಸ್ ನೋಟ್ ಹಾಕಿ. ಮುಂದಿನ ವಾರ ನೋಟಿಸ್ ಪೀರಿಯಡ್ ಬಗ್ಗೆ ಮಾತಾಡೋಣ. ಸಿಗೋಣ.